ಚಿತ್ರಕಲೆಯ ಪಾರಿಭಾಷಿಕ ಪದಗಳನ್ನು ಕಲಿಸಲು ಯಾವ ಆಟಗಳು ನಿಜವಾಗಿ ಕೆಲಸಕ್ಕೆ ಬರುತ್ತವೆ?

ಪ್ರಶ್ನೆ – ಕುಂಚಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಾನು 11ರಿಂದ 14 ವರ್ಷದೊಳಗಿನ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ವಾರಕ್ಕೆ ಸಿಗುವುದು ಒಂದೇ ಅವಧಿ. ಅದರಲ್ಲೂ ಗಣನೀಯ ಭಾಗ ಬಣ್ಣ, ಕುಂಚ, ಕಾಗದಗಳನ್ನು ಹರಡುವುದಕ್ಕೆ ಮತ್ತು ತೊಳೆದು ಎತ್ತಿಡುವುದಕ್ಕೆ ಹೋಗುತ್ತದೆ ಎಂಬುದನ್ನು ಈ ವಿಷಯ ಕಲಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತೊಂದರೆ ಇಷ್ಟು. ರೇಖೆ, ಆಕಾರ, ಘನರೂಪ, ಅವಕಾಶ (ಸ್ಪೇಸ್), ಮೈವಳಿಕೆ (ಮೇಲ್ಮೈಯ ನಯ ಅಥವಾ ಒರಟುತನ), ವರ್ಣ, ವ್ಯಾಲ್ಯೂ (ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬುದು) ಎಂಬ ಮೂಲಾಂಶಗಳನ್ನೂ ಸಮತೋಲನ, ಲಯ, ವೈದೃಶ್ಯ (ಕಾಂಟ್ರಾಸ್ಟ್), ಪ್ರಾಧಾನ್ಯ, ಪ್ರಮಾಣ ಮೊದಲಾದ ಸಂಯೋಜನೆಯ ತತ್ತ್ವಗಳನ್ನೂ ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ವ್ಯಾಖ್ಯೆ ಕೇಳಿದರೆ ತಡವರಿಸದೆ ಒಪ್ಪಿಸುತ್ತಾರೆ. ಆದರೆ ಒಂದು ಚಿತ್ರವನ್ನು ಮುಂದಿಟ್ಟು ‘ಇದರ ಬಗ್ಗೆ ಹೇಳಿ’ ಎಂದ ಕೂಡಲೇ ‘ಚೆನ್ನಾಗಿದೆ’, ‘ಬಣ್ಣ ಜಾಸ್ತಿಯಾಯಿತು’, ‘ನಿಜವಾದದ್ದರ ಹಾಗೇ ಕಾಣುತ್ತದೆ’ ಎಂಬ ಮಾತುಗಳಿಂದ ಆಚೆಗೆ ಹೋಗುವುದಿಲ್ಲ. ಕಲಿತ ಪದಗಳು ಒಂದು ಕಡೆ, ನೋಡುವ ಕಣ್ಣು ಇನ್ನೊಂದು ಕಡೆ ಉಳಿದುಬಿಟ್ಟಿವೆ.

ಪದಗಳ ಬಿಂಗೊ ಆಡಿಸಿದ್ದೇನೆ, ಅಂದರೆ ನಾನು ವ್ಯಾಖ್ಯೆ ಓದಿದಂತೆ ಮಕ್ಕಳು ತಮ್ಮ ಚೀಟಿಯ ಮನೆಗಳಲ್ಲಿರುವ ಪದಗಳನ್ನು ಮುಚ್ಚುತ್ತಾ ಒಂದು ಸಾಲು ತುಂಬಿಸುವ ಆಟ. ಪದ ಮತ್ತು ಅದರ ಅರ್ಥ ಬರೆದ ಕಾರ್ಡುಗಳನ್ನು ಮಗುಚಿಟ್ಟು ಜೋಡಿ ಹುಡುಕುವ ಆಟವನ್ನೂ ಆಡಿಸಿದ್ದೇನೆ. ಮಕ್ಕಳು ಖುಷಿಯಿಂದಲೇ ಆಡುತ್ತಾರೆ, ಇನ್ನೊಂದು ಸುತ್ತು ಬೇಕೆಂದು ಹಟವನ್ನೂ ಮಾಡುತ್ತಾರೆ, ಆದರೆ ಕೆಲವು ವಾರಗಳ ನಂತರ ಅವರ ಮಾತಿನಲ್ಲಾಗಲಿ ಚಿತ್ರಗಳ ಕುರಿತ ಬರಹದಲ್ಲಾಗಲಿ ಆ ಪದಗಳ ಸುಳಿವೇ ಇರುವುದಿಲ್ಲ. ಹೊಸ ಪದಗಳನ್ನು ಕಲಿಸುವುದಕ್ಕೂ ಹಳೆಯವನ್ನು ಪುನರಾವರ್ತನೆ ಮಾಡಿಸುವುದಕ್ಕೂ ಒದಗುವ, ಹೆಚ್ಚು ಸಿದ್ಧತೆ ಬೇಡದ ಆಟಗಳು ನಿಮ್ಮ ಬಳಿ ಇದ್ದರೆ ದಯವಿಟ್ಟು ತಿಳಿಸಿ. ಆಟದ ಹೆಸರಿಗಿಂತ, ಅದು ಏಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ಸಿಕ್ಕರೆ ನನಗೆ ಹೆಚ್ಚು ಉಪಕಾರವಾಗುತ್ತದೆ.

ಉತ್ತರ – ಓರೆಗೆರೆ

ನೀವು ಹೆಸರಿಸಿದ ಎರಡು ಆಟಗಳಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರದ ಅರ್ಧಭಾಗ ಅಲ್ಲಿಯೇ ಇದೆ. ಮಗುಚಿಟ್ಟ ಕಾರ್ಡುಗಳಲ್ಲಿ ಜೋಡಿ ಹುಡುಕುವಾಗ ಮಗು ಅಭ್ಯಾಸ ಮಾಡುವುದು ಯಾವುದನ್ನು? ಎರಡನೆಯ ಸಾಲಿನ ಮೂರನೆಯ ಕಾರ್ಡಿನಲ್ಲಿ ‘ಮೈವಳಿಕೆ’ ಇತ್ತು ಎಂಬುದನ್ನು ನೆನಪಿಟ್ಟುಕೊಳ್ಳುವುದನ್ನು. ಆ ಕಾರ್ಡುಗಳಲ್ಲಿ ಪದಗಳ ಬದಲು ಅರ್ಥವಿಲ್ಲದ ಗುರುತುಗಳನ್ನು ಬರೆದರೂ ಆಟ ಒಂದಿಷ್ಟೂ ಬದಲಾಗುವುದಿಲ್ಲ. ಬಿಂಗೊದಲ್ಲಿ ಗೆಲ್ಲುವವರನ್ನು ನಿರ್ಧರಿಸುವುದು ಯಾವ ಚೀಟಿಯಲ್ಲಿ ಯಾವ ಪದ ಬಿದ್ದಿದೆ ಎಂಬ ಅದೃಷ್ಟವೇ ಹೊರತು ತಿಳಿವಳಿಕೆಯಲ್ಲ. ಯಾವುದೇ ಆಟವನ್ನು ತರಗತಿಗೆ ಒಯ್ಯುವ ಮುನ್ನ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಪದದ ಅರ್ಥ ಗೊತ್ತಿಲ್ಲದ ಮಗು ಈ ಆಟವನ್ನು ಗೆಲ್ಲಬಹುದೇ? ಗೆಲ್ಲಬಹುದು ಎಂದಾದರೆ ಅದನ್ನು ಮನರಂಜನೆಗೆಂದು ಆಡಿಸಬಹುದು, ಪಾಠವೆಂದು ಲೆಕ್ಕ ಹಿಡಿಯುವಂತಿಲ್ಲ.

ಈ ಪ್ರಶ್ನೆಯನ್ನು ದಾಟಿ ನಿಂತ ಆಟಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ‘ಯಾವ ಚಿತ್ರ?’ ಎಂಬುದು. ಗೋಡೆಯ ಮೇಲೆ 16 ಚಿತ್ರಗಳ ಮುದ್ರಿತ ಪ್ರತಿಗಳನ್ನು ಅಂಟಿಸಬೇಕು. ಒಂದು ತಂಡ ಅದರಲ್ಲಿ ಒಂದನ್ನು ಮನಸ್ಸಿನಲ್ಲೇ ಆರಿಸಿಕೊಂಡು, ಅದರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿಡಬೇಕು. ಉಳಿದವರು ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬರುವಂಥ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ನಿಯಮಗಳು ಎರಡು. ಪ್ರತಿ ಪ್ರಶ್ನೆಯಲ್ಲೂ ಕಲಿತ ಪದವೊಂದು ಇರಲೇಬೇಕು, ಚಿತ್ರದಲ್ಲಿರುವ ವಸ್ತುವಿನ ಹೆಸರು ಬರಲೇಬಾರದು. ‘ದೋಣಿ ಇದೆಯೇ?’ ಎಂದು ಕೇಳುವಂತಿಲ್ಲ. ‘ಕ್ಷಿತಿಜ ರೇಖೆ ಚಿತ್ರದ ಕೆಳಭಾಗದಲ್ಲಿದೆಯೇ?’ ಎಂದು ಕೇಳಬಹುದು.

ಇಲ್ಲಿ ಪದವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಅಷ್ಟೇ ಅಲ್ಲ, ಒಳ್ಳೆಯ ಪ್ರಶ್ನೆಗೆ ನೇರ ಪ್ರತಿಫಲವಿದೆ. ಪ್ರತಿ ಪ್ರಶ್ನೆಯೂ ಉಳಿದ ಚಿತ್ರಗಳನ್ನು ಸರಿಯಾಗಿ ಎರಡು ಪಾಲು ಮಾಡಿದರೆ 16 ಚಿತ್ರಗಳಿಂದ ಒಂದನ್ನು ಹಿಡಿಯಲು ನಾಲ್ಕೇ ಪ್ರಶ್ನೆ ಸಾಕು. ಇದು ಗೊತ್ತಾದ ಮೇಲೆ ಮಕ್ಕಳು ಒಂದೊಂದೇ ಚಿತ್ರದ ಬೆನ್ನು ಹತ್ತುವುದನ್ನು ಬಿಟ್ಟು, ಇಡೀ ಗೋಡೆಯನ್ನು ನೋಡಿ ‘ವೈದೃಶ್ಯ ತೀವ್ರವಾಗಿರುವವು ಎಷ್ಟು, ಮೃದುವಾಗಿರುವವು ಎಷ್ಟು’ ಎಂದು ತಮ್ಮತಮ್ಮಲ್ಲೇ ಲೆಕ್ಕ ಹಾಕತೊಡಗುತ್ತಾರೆ. ನೀವು ಬಯಸುವ ನೋಟ ಅದೇ ಅಲ್ಲವೇ?

ಚಿತ್ರಗಳ ಆಯ್ಕೆಯಲ್ಲಿ ಸ್ವಲ್ಪ ಎಚ್ಚರ ಬೇಕು. ನನ್ನ ಗೋಡೆಯಲ್ಲಿ ಸಾಮಾನ್ಯವಾಗಿ ಇರುವವು ಹೊಕುಸಾಯಿಯ ದೊಡ್ಡ ಅಲೆ, ವ್ಯಾನ್ ಗೋ 1889ರಲ್ಲಿ ಚಿತ್ರಿಸಿದ ನಕ್ಷತ್ರಗಳ ರಾತ್ರಿ, ಸ್ಯೂರಾ ಚುಕ್ಕೆಗಳಿಂದಲೇ ಕಟ್ಟಿದ ಭಾನುವಾರದ ಮಧ್ಯಾಹ್ನ, ಕ್ಯಾರವಾಜ್ಜೊನ ಸಂತ ಮ್ಯಾಥ್ಯೂ, ರಫೇಲನ ‘ಸ್ಕೂಲ್ ಆಫ್ ಅಥೆನ್ಸ್’, ಮೊಂಡ್ರಿಯಾನನ ಕೆಂಪು, ನೀಲಿ, ಹಳದಿ ಚೌಕಗಳ ಸಂಯೋಜನೆ, ಪಿಕಾಸೊ 1937ರಲ್ಲಿ ಬಿಡಿಸಿದ ‘ಗೆರ್ನಿಕಾ’ ಇಂಥವು. ಒಂದಕ್ಕೊಂದು ಹೋಲುವ ಜೋಡಿಗಳನ್ನೂ ಸೇರಿಸಬೇಕು. ಎಲ್ಲವೂ ಬೇರೆಬೇರೆಯಾಗಿದ್ದರೆ ಸೂಕ್ಷ್ಮ ಪದಗಳ ಅಗತ್ಯವೇ ಬೀಳುವುದಿಲ್ಲ.

‘ಗೆರ್ನಿಕಾ’ ಗುಟ್ಟಿನ ಚಿತ್ರವಾದಾಗ ನಡೆಯುವುದನ್ನು ನೋಡಬೇಕು. ‘ಉಷ್ಣ ವರ್ಣಗಳು ಪ್ರಧಾನವಾಗಿವೆಯೇ?’ (ಕೆಂಪು, ಕಿತ್ತಳೆಯಂಥವು) ಎಂದರೆ ಇಲ್ಲ ಎನ್ನುತ್ತಾರೆ. ಹಾಗಾದರೆ ನೀಲಿಯಂಥ ಶೀತ ವರ್ಣಗಳೇ ಇರಬೇಕೆಂದು ಅದನ್ನು ಕೇಳಿದರೆ ಅದಕ್ಕೂ ಇಲ್ಲ. ಒಂದು ಕ್ಷಣ ತಬ್ಬಿಬ್ಬಾದ ತಂಡದಲ್ಲಿ ಯಾರೋ ಒಬ್ಬರಿಗೆ, ಕಪ್ಪು, ಬಿಳುಪು, ಬೂದುಗಳನ್ನಷ್ಟೇ ಬಳಸಿದ ಚಿತ್ರಕ್ಕೆ ಈ ಎರಡೂ ಮಾತು ಅನ್ವಯಿಸುವುದಿಲ್ಲ ಎಂಬುದು ಹೊಳೆಯುತ್ತದೆ. ವರ್ಣ ಬೇರೆ, ವ್ಯಾಲ್ಯೂ ಬೇರೆ ಎಂದು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರೂ ಇಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ‘ಸ್ಕೂಲ್ ಆಫ್ ಅಥೆನ್ಸ್’ನಲ್ಲಿ ಸಮತೋಲನ ಸಮ್ಮಿತವೇ ಎಂಬ ಪ್ರಶ್ನೆ ಬಂದರೆ ಜಗಳವೇ ಆಗುತ್ತದೆ. ಕಮಾನುಗಳು ಎರಡೂ ಕಡೆ ಒಂದೇ ರೀತಿ ಇವೆ ಎಂದು ಒಬ್ಬರು, ಮನುಷ್ಯರ ಗುಂಪುಗಳು ಹಾಗಿಲ್ಲ ಎಂದು ಇನ್ನೊಬ್ಬರು. ಆ ಜಗಳವನ್ನು ಬೇಗ ಇತ್ಯರ್ಥ ಮಾಡಲು ಹೋಗಬೇಡಿ. ಹಲಗೆಯ ಮೂಲೆಯಲ್ಲಿ ‘ವಿವಾದಿತ’ ಎಂಬ ಪಟ್ಟಿಯೊಂದನ್ನು ಮಾಡಿ ಬರೆದಿಟ್ಟರೆ ಮುಂದಿನ ಅವಧಿಯ ಆರಂಭಕ್ಕೆ ಅದೇ ಸಾಮಗ್ರಿಯಾಗುತ್ತದೆ.

ಬಿಂಗೊವನ್ನು ಪೂರ್ತಿ ಬಿಡಬೇಕಾಗಿಲ್ಲ. ವ್ಯಾಖ್ಯೆ ಓದಿ ಹೇಳುವುದರ ಬದಲು ಚಿತ್ರವೊಂದರ ಸಣ್ಣ ತುಣುಕನ್ನು ತೋರಿಸಿ. ನಕ್ಷತ್ರಗಳ ರಾತ್ರಿಯ ಆಕಾಶದ ತುಣುಕಿಗೆ ರೇಖೆ, ಲಯ, ಮೈವಳಿಕೆ, ಚಲನೆ ಎಲ್ಲವೂ ಒಪ್ಪುತ್ತವೆ. ಅವುಗಳಲ್ಲಿ ತನ್ನ ಚೀಟಿಯ ಯಾವ ಮನೆಯನ್ನು ಮುಚ್ಚಬೇಕು ಎಂಬುದನ್ನು ಮಗುವೇ ನಿರ್ಧರಿಸಲಿ. ಸಾಲು ತುಂಬಿತೆಂದು ಕೂಗಿದವರು ಪ್ರತಿ ಮನೆಗೂ ತುಣುಕಿನಲ್ಲಿ ಬೆರಳಿಟ್ಟು ಕಾರಣ ಹೇಳಬೇಕು, ಹೇಳಲಾಗದಿದ್ದರೆ ಆ ಮನೆ ಮತ್ತೆ ತೆರೆದುಕೊಳ್ಳುತ್ತದೆ. ಆಟ ನಿಧಾನವಾಗುತ್ತದೆ ಎಂಬುದು ನಿಜ, ಆದರೆ ಅದೃಷ್ಟದ ಪಾಲು ಬಹಳ ಕಡಿಮೆಯಾಗುತ್ತದೆ.

ಉತ್ತರ – ನೆರಳುಬೆಳಕು

ಓರೆಗೆರೆ ಅವರ ಒರೆಗಲ್ಲನ್ನು ಒಪ್ಪುತ್ತೇನೆ. ಆದರೆ ಗೋಡೆಯ ಮುಂದೆ ಇಡೀ ತರಗತಿ ಆಡುವ ಆಟದಲ್ಲಿ ಒಂದು ಹೊತ್ತಿಗೆ ಮಾತನಾಡುವುದು ಒಬ್ಬರೇ, ಉಳಿದವರಲ್ಲಿ ಎಷ್ಟು ಮಂದಿ ನಿಜಕ್ಕೂ ಯೋಚಿಸುತ್ತಿದ್ದಾರೆ ಎಂಬುದು ನಮಗೆ ಕಾಣುವುದಿಲ್ಲ. ಪದ ನಾಲಿಗೆಗೆ ರೂಢಿಯಾಗಬೇಕಾದರೆ ಪ್ರತಿ ಮಗುವೂ ಅದನ್ನು ಬಾಯಿಬಿಟ್ಟು ಹೇಳಬೇಕು. ಇಬ್ಬಿಬ್ಬರು ಆಡುವ ಆಟಗಳಲ್ಲಿ ಯಾವ ಕ್ಷಣದಲ್ಲೂ ತರಗತಿಯ ಅರ್ಧದಷ್ಟು ಮಂದಿ ಮಾತನಾಡುತ್ತಿರುತ್ತಾರೆ, ಇನ್ನರ್ಧ ಗಮನವಿಟ್ಟು ಕೇಳಲೇಬೇಕಾಗಿರುತ್ತದೆ.

ಬೆನ್ನಿಗೆ ಬೆನ್ನು ಕೊಟ್ಟು ಕೂತು ಚಿತ್ರ ಬಿಡಿಸುವ ಆಟ ಹಳೆಯದು, ಬಹುಶಃ ನಿಮಗೂ ಗೊತ್ತಿರುತ್ತದೆ. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಕಾಗದ ಮತ್ತು ಪೆನ್ಸಿಲ್. ನೋಡುವವರು ಹೇಳುತ್ತಾರೆ, ಕೇಳುವವರು ಬರೆಯುತ್ತಾರೆ. ವಸ್ತುವಿನ ಹೆಸರು ಹೇಳಬಾರದು ಎಂಬ ನಿಯಮ ಇಲ್ಲಿಯೂ ಇರಬೇಕು. ಇಲ್ಲದಿದ್ದರೆ ‘ಮರ ಬರೆ, ಮನೆ ಬರೆ’ ಎಂದು ಮುಗಿದುಹೋಗುತ್ತದೆ. ಪರ್ಸ್‌ಪೆಕ್ಟಿವ್ (ಚಿತ್ರದಲ್ಲಿ ದೂರ, ಆಳವನ್ನು ತೋರಿಸುವ ಕ್ರಮ) ಪಾಠದ ಪದಗಳಿಗೆ, ಅಂದರೆ ಕ್ಷಿತಿಜ ರೇಖೆ, ದೂರ ಹೋಗುವ ರೇಖೆಗಳು ಕೂಡುವಂತೆ ಕಾಣುವ ವ್ಯಾನಿಷಿಂಗ್ ಪಾಯಿಂಟ್ ಮೊದಲಾದವಕ್ಕೆ, ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. ಡಚ್ ಚಿತ್ರಕಾರ ಹೊಬ್ಬೆಮಾ 1689ರಲ್ಲಿ ಚಿತ್ರಿಸಿದ ಸಾಲುಮರಗಳ ದಾರಿಯ ಚಿತ್ರವನ್ನು ಕೊಟ್ಟು ನೋಡಿ. ‘ಕ್ಷಿತಿಜ ರೇಖೆಯನ್ನು ಅರ್ಧಕ್ಕಿಂತ ಕೆಳಗೆ ಎಳೆ. ವ್ಯಾನಿಷಿಂಗ್ ಪಾಯಿಂಟ್ ಅದರ ನಡುವಿಗೆ ಬರಲಿ. ಮುನ್ನೆಲೆಯ ಎರಡು ಬದಿಗಳಿಂದ ಆ ಬಿಂದುವಿನ ಕಡೆಗೆ ಎರಡು ರೇಖೆ ಎಳೆ. ಅವುಗಳ ಮೇಲೆ ತೆಳ್ಳಗಿನ ಲಂಬ ರೇಖೆಗಳು, ದೂರ ಹೋದಂತೆ ಗಿಡ್ಡವಾಗಬೇಕು, ನಡುವಿನ ಅಂತರವೂ ಕಿರಿದಾಗಬೇಕು’ ಎಂದು ಹೇಳಬಲ್ಲ ಮಗುವಿಗೆ ಈ ಪದಗಳ ಪರೀಕ್ಷೆಯೇ ಬೇಕಾಗಿಲ್ಲ. ಕೊನೆಯಲ್ಲಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ವ್ಯತ್ಯಾಸ ಬಂದಿದೆ, ಅದಕ್ಕೆ ಯಾವ ಪದವನ್ನು ಬಿಟ್ಟದ್ದು ಕಾರಣ ಎಂದು ಅವರಿಬ್ಬರೇ ಹುಡುಕಲಿ. ಯಾರ ಚಿತ್ರ ಸುಂದರ ಎಂಬ ಮಾತು ಅಲ್ಲಿ ಏಳಬಾರದು. ಕಿರಿಯ ತರಗತಿಗಾದರೆ ಪ್ರಸಿದ್ಧ ಚಿತ್ರಗಳ ಬದಲು ಮೂರು ಆಕಾರ, ಎರಡು ಬಗೆಯ ರೇಖೆ ಇರುವ ಸರಳ ವಿನ್ಯಾಸ ಸಾಕು.

ಎರಡನೆಯದು ನಿಷಿದ್ಧ ಪದಗಳ ಆಟ. ಕಾರ್ಡಿನ ಮೇಲ್ಭಾಗದಲ್ಲಿ ಒಂದು ಪದ, ಅದರ ಕೆಳಗೆ ಬಳಸಬಾರದ ನಾಲ್ಕು ಪದಗಳು. ‘ಪೂರಕ ವರ್ಣಗಳು’ ಎಂಬ ಕಾರ್ಡಿನಲ್ಲಿ ಎದುರು, ಚಕ್ರ, ಕೆಂಪು, ಹಸಿರು ಎಂಬವು ನಿಷಿದ್ಧವಾಗಿದ್ದರೆ, ಪುಸ್ತಕದಿಂದ ಬಾಯಿಪಾಠ ಮಾಡಿದ ‘ವರ್ಣಚಕ್ರದಲ್ಲಿ ಎದುರುಬದುರಾಗಿರುವ ಬಣ್ಣಗಳು’ ಎಂಬ ವಾಕ್ಯ ನಿಷ್ಪ್ರಯೋಜಕವಾಗುತ್ತದೆ. ಆಗ ಮಗು ತನ್ನ ಕೈ ಮತ್ತು ಕಣ್ಣಿನ ಅನುಭವಕ್ಕೆ ಹೋಗಬೇಕಾಗುತ್ತದೆ: ‘ಅಕ್ಕಪಕ್ಕ ಇಟ್ಟರೆ ಎರಡೂ ಇನ್ನಷ್ಟು ಹೊಳೆಯುತ್ತವೆ, ಒಟ್ಟಿಗೆ ಕಲಸಿದರೆ ಎರಡೂ ಮಂಕಾಗುತ್ತವೆ.’ ಇಷ್ಟು ಬಂದರೆ ಪದ ಬಂದಂತೆ. ಕಾರ್ಡುಗಳನ್ನು ನೀವೇ ಮಾಡುವ ಶ್ರಮ ತೆಗೆದುಕೊಳ್ಳಬೇಡಿ. ಯಾವ ನಾಲ್ಕು ಪದಗಳನ್ನು ನಿಷೇಧಿಸಿದರೆ ಎದುರು ತಂಡ ಕಷ್ಟಕ್ಕೆ ಸಿಲುಕುತ್ತದೆ ಎಂದು ಮಕ್ಕಳೇ ಯೋಚಿಸಿ ಬರೆಯಲಿ. ಆ ತುಂಟ ಯೋಚನೆಯಲ್ಲಿ ಪದದ ಅರ್ಥವನ್ನು ಅವರು ಎಲ್ಲ ಕಡೆಯಿಂದ ತಡವಿ ನೋಡಿರುತ್ತಾರೆ. ಆಡುವುದಕ್ಕಿಂತ ಕಾರ್ಡು ಮಾಡುವುದರಲ್ಲೇ ಕಲಿಕೆ ಹೆಚ್ಚು ಎಂಬುದು ನನ್ನ ಅನಿಸಿಕೆ.

ಇನ್ನು, ಕೈಕೆಲಸ ಇಷ್ಟಪಡುವ ತರಗತಿಗೆ 1920ರ ದಶಕದಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟರು (ಕನಸಿನಂಥ ಚಿತ್ರಗಳಿಗೆ ಹೆಸರಾದ ಕಲಾವಿದರ ಗುಂಪು) ಆಡುತ್ತಿದ್ದ ಮಡಚಿದ ಕಾಗದದ ಆಟವನ್ನು ಸ್ವಲ್ಪ ಬದಲಿಸಿ ಕೊಡಬಹುದು. ಪ್ರತಿಯೊಬ್ಬರೂ ಒಂದೇ ಕಾಗದದಲ್ಲಿ ತಮ್ಮ ಭಾಗವನ್ನು ಬಿಡಿಸಿ, ಅದು ಕಾಣದಂತೆ ಮಡಚಿ, ಮುಂದಿನವರಿಗೆ ದಾಟಿಸುತ್ತಾರೆ. ನಮ್ಮ ಬದಲಾವಣೆ ಇಷ್ಟೇ: ಬಿಡಿಸುವ ಮುನ್ನ ಒಂದು ಪದದ ಚೀಟಿ ಎತ್ತಿ, ತಮ್ಮ ಭಾಗದಲ್ಲಿ ಆ ಗುಣವೇ ಎದ್ದು ಕಾಣುವಂತೆ ಬಿಡಿಸಬೇಕು. ಕಾಗದ ಬಿಚ್ಚಿದ ಮೇಲೆ ಯಾರಿಗೆ ಯಾವ ಚೀಟಿ ಬಂದಿತ್ತು ಎಂದು ಉಳಿದವರು ಊಹಿಸಬೇಕು.

ಉತ್ತರ – ಮಸಿಕುಡಿಕೆ

ಮೇಲಿನ ಎರಡೂ ಉತ್ತರಗಳು ಆಟದ ಒಳಗಿನ ರಚನೆಯನ್ನು ಕುರಿತವು. ನನಗೆ ಮುಖ್ಯವೆನಿಸುವುದು ಆಟವನ್ನು ಯಾವಾಗ ಆಡಿಸುತ್ತೇವೆ ಎಂಬುದು. ಪ್ರಶ್ನೆ ಕೇಳಿದವರು ‘ಕೆಲವು ವಾರಗಳ ನಂತರ ಪದಗಳ ಸುಳಿವೇ ಇರುವುದಿಲ್ಲ’ ಎಂದಿದ್ದಾರೆ. ಒಂದು ಪಾಠ ಮುಗಿದ ದಿನವೇ ಒಂದು ಉದ್ದನೆಯ ಆಟ ಆಡಿಸಿ, ಆಮೇಲೆ ಆ ಪದಗಳ ತಂಟೆಗೇ ಹೋಗದಿದ್ದರೆ ಎಂಥ ಜಾಣ ಆಟವಾದರೂ ಹೀಗೇ ಆಗುತ್ತದೆ.

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಪ್ರಸ್ತುತ. ಒಂದು ಪಠ್ಯಭಾಗವನ್ನು ಓದಿದ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ಮತ್ತೆ ಓದಿದರು, ಕೆಲವರು ಓದದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ಸ್ಥಿತಿ ತಿರುವುಮುರುವಾಗಿತ್ತು, ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದೆ ಹೋಗಿದ್ದರು. ಎಂದರೆ, ಅವಧಿಯ ಕೊನೆಯಲ್ಲಿ ಮಕ್ಕಳು ಪಟಪಟನೆ ಉತ್ತರ ಹೇಳುವುದನ್ನು ನೋಡಿ ನಾವು ಪಡುವ ಸಮಾಧಾನಕ್ಕೆ ಹೆಚ್ಚು ಬೆಲೆಯಿಲ್ಲ. ಆಟದ ನಿಜವಾದ ಉಪಯೋಗ, ಮರೆಯತೊಡಗಿದ ಪದವನ್ನು ಪುಸ್ತಕ ನೋಡದೆ ಮತ್ತೆ ಹೊರಗೆಳೆಯುವಂತೆ ಮಾಡುವುದರಲ್ಲಿದೆ. ಹೊಸ ಪದವನ್ನು ಮೊದಲ ಬಾರಿಗೆ ಪರಿಚಯಿಸಲು ಆಟ ಬೇಡ ಎಂದೇ ನಾನು ಹೇಳುತ್ತೇನೆ. ಅದಕ್ಕೆ ಚಿತ್ರ ತೋರಿಸಿ, ಕೈಯಿಂದ ಮಾಡಿಸಿ, ನೇರವಾಗಿ ವಿವರಿಸುವುದೇ ಒಳ್ಳೆಯದು.

ಆದ್ದರಿಂದ ತಿಂಗಳಿಗೊಂದು ದೊಡ್ಡ ಆಟಕ್ಕಿಂತ ಪ್ರತಿ ಅವಧಿಯ ಮೊದಲ ಐದು ನಿಮಿಷದ ಸಣ್ಣ ಆಟ ಮೇಲು. ಬಣ್ಣ, ಕಾಗದ ಹಂಚುವ ಹೊತ್ತಿಗೇ ಅದು ನಡೆದುಹೋಗಬಹುದು. ಪದಗಳ ಕಾರ್ಡುಗಳಿಗೆ ಮೂರು ಡಬ್ಬಿ ಇಡಿ. ಇಡೀ ತರಗತಿ ಸುಲಭವಾಗಿ ಬಳಸಿದ ಪದ ಮುಂದಿನ ಡಬ್ಬಿಗೆ ಹೋಗಲಿ, ತಡವರಿಸಿದ ಪದ ಮೊದಲನೆಯದಕ್ಕೆ ಮರಳಲಿ. ಮೊದಲ ಡಬ್ಬಿಯಿಂದ ಪ್ರತಿ ವಾರ, ಎರಡನೆಯದರಿಂದ ವಾರ ಬಿಟ್ಟು ವಾರ, ಮೂರನೆಯದರಿಂದ ತಿಂಗಳಿಗೊಮ್ಮೆ ಕಾರ್ಡು ಎತ್ತಿದರೆ ಹಳೆಯ ಪದಗಳು ತಾವಾಗಿಯೇ ಮರಳಿ ಬರುತ್ತಿರುತ್ತವೆ. ಒಬ್ಬೊಬ್ಬರೇ ಓದಿಕೊಳ್ಳುವವರಿಗಾಗಿ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಪದ್ಧತಿಯನ್ನೇ ಇಲ್ಲಿ ತರಗತಿಗೆ ಹೊಂದಿಸಿಕೊಂಡಿದ್ದೇನೆ.

ಇನ್ನೊಂದು ಸಂಶೋಧನೆ ಚಿತ್ರಕಲೆಯನ್ನೇ ಬಳಸಿಕೊಂಡು ನಡೆದದ್ದು. ಕಾರ್ನೆಲ್ ಮತ್ತು ಬ್ಯೋರ್ಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಚಿತ್ರಕಾರರ ತಲಾ ಆರು ಚಿತ್ರಗಳನ್ನು ತೋರಿಸಿ ಅವರವರ ಶೈಲಿಯನ್ನು ಗುರುತಿಸಲು ಕಲಿಸಲಾಯಿತು. ಕೆಲವು ಚಿತ್ರಕಾರರ ಚಿತ್ರಗಳನ್ನು ಒಟ್ಟಿಗೆ ಸಾಲಾಗಿ, ಉಳಿದವರ ಚಿತ್ರಗಳನ್ನು ಒಂದರ ನಡುವೆ ಒಂದು ಬೆರೆಸಿ ತೋರಿಸಿದರು. ಆಮೇಲೆ ಅದೇ ಚಿತ್ರಕಾರರ ಹೊಸ ಚಿತ್ರಗಳನ್ನು ಗುರುತಿಸುವಾಗ, ಬೆರೆಸಿ ತೋರಿಸಿದ್ದವರ ಶೈಲಿಯೇ ಹೆಚ್ಚು ಚೆನ್ನಾಗಿ ಹಿಡಿಸಿತ್ತು. ಸೋಜಿಗವೆಂದರೆ, ಭಾಗವಹಿಸಿದವರಲ್ಲಿ ಹೆಚ್ಚಿನವರಿಗೆ ಸಾಲಾಗಿ ನೋಡಿದ್ದೇ ಒಳ್ಳೆಯದಿತ್ತು ಎಂದು ಅನಿಸಿತ್ತು. ಇದು ಶೈಲಿಗಳ ಕುರಿತ ಪ್ರಯೋಗವಾದರೂ, ‘ಇಂದು ಲಯದ ದಿನ, ಮುಂದಿನ ವಾರ ವೈದೃಶ್ಯದ ದಿನ’ ಎಂದು ಬೇರ್ಪಡಿಸಿ ಆಡಿಸುವುದಕ್ಕಿಂತ ಎಲ್ಲವನ್ನೂ ಕಲಸಿ ಆಡಿಸುವುದಕ್ಕೆ ನನಗೆ ಇದು ಸಾಕಷ್ಟು ಆಧಾರ. ಒಂದೇ ಪದದ ದಿನ ಉತ್ತರವೂ ಅದೇ ಪದವೆಂದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ಎರಡು ಪದಗಳ ನಡುವಣ ಗೆರೆಯನ್ನು ಅದು ಗಮನಿಸುವುದೇ ಇಲ್ಲ.

ಹಲಗೆಯ ಮೇಲಿನ ಪದಕ್ಕೆ ಓಡಿಹೋಗಿ ಬಡಿಯುವ ಆಟ, ಗಡಿಯಾರ ಓಡುತ್ತಿರುವಾಗ ಗುಂಡಿ ಒತ್ತುವ ಡಿಜಿಟಲ್ ಕ್ವಿಜ್ ಇವುಗಳ ಬಗ್ಗೆ ನನಗೆ ಅಷ್ಟಾಗಿ ಒಲವಿಲ್ಲ. ಚಿತ್ರವನ್ನು ನಿಧಾನವಾಗಿ ನೋಡಲು ಕಲಿಸಬೇಕಾದ ತರಗತಿಯಲ್ಲಿ ವೇಗಕ್ಕೆ ಅಂಕ ಕೊಡುವುದು ವಿಚಿತ್ರ ಅಲ್ಲವೇ?

ಮರುಪ್ರಶ್ನೆ – ಕುಂಚಪೆಟ್ಟಿಗೆ

ಮೂವರಿಗೂ ಕೃತಜ್ಞತೆಗಳು. ಗೋಡೆಯ ಮೇಲಿನ 16 ಚಿತ್ರಗಳು ಮತ್ತು ಮೂರು ಡಬ್ಬಿ, ಈ ಎರಡನ್ನೂ ಕೂಡಲೇ ಆರಂಭಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಟಿಂಟ್, ಶೇಡ್, ಟೋನ್, ವ್ಯಾಲ್ಯೂ ಎಂಬ ನಾಲ್ಕನ್ನು ಹಾಗೂ ಆಕಾರ, ಘನರೂಪ ಎಂಬ ಎರಡನ್ನು ನನ್ನ ಮಕ್ಕಳು ಸದಾ ಅದಲುಬದಲು ಮಾಡುತ್ತಾರೆ. ಇಂಥ ನೆರೆಹೊರೆಯ ಪದಗಳಿಗೆಂದೇ ಏನಾದರೂ ಆಟವಿದೆಯೇ? ಮತ್ತೆ, ಸ್ಪರ್ಧೆ ಎಂದ ಕೂಡಲೇ ಮುದುಡಿಕೊಳ್ಳುವ ಕೆಲವು ಮಕ್ಕಳಿದ್ದಾರೆ. ಮಾತಿನ ಆಟಗಳಲ್ಲಿ ಅವರು ಇನ್ನಷ್ಟು ಹಿಂದೆ ಸರಿಯುತ್ತಾರೇನೋ ಎಂಬ ಅಳುಕಿದೆ.

ಉತ್ತರ – ಓರೆಗೆರೆ

ಬಣ್ಣದ ಪದಗಳನ್ನು ಕಾರ್ಡಿನಿಂದ ಕಲಿಸಲು ಹೋಗಬೇಡಿ, ಬಣ್ಣದಿಂದಲೇ ಕಲಿಸಿ. ಬಿಳುಪು ಬೆರೆತರೆ ಟಿಂಟ್, ಕಪ್ಪು ಬೆರೆತರೆ ಶೇಡ್, ಬೂದು ಬೆರೆತರೆ ಟೋನ್ ಎಂಬುದು ಒಂದೇ ಸಾಲಿನ ಮಾತು, ಆದರೆ ಕಲಸಿದ ಕೈಗೆ ಮಾತ್ರ ಅದು ಗಟ್ಟಿ. ಇಬ್ಬಿಬ್ಬರಿಗೆ ಒಂದೊಂದು ಬಣ್ಣ ಕೊಟ್ಟು, ಪಕ್ಕದವರಿಗೆ ಕಾಣದಂತೆ ಏನನ್ನಾದರೂ ಬೆರೆಸಿ ಕಾಗದದ ಚೂರಿಗೆ ಬಳಿದು, ಬೆನ್ನಿನ ಕಡೆ ಉತ್ತರ ಬರೆದಿಡಲು ಹೇಳಿ. ಜೋಡಿಗಳು ಚೂರುಗಳನ್ನು ಅದಲುಬದಲು ಮಾಡಿಕೊಂಡು ಏನು ಬೆರೆಸಿದ್ದಾರೆಂದು ಪತ್ತೆ ಹಚ್ಚಬೇಕು. ಟಿಂಟ್ ಬೇಗ ಸಿಕ್ಕಿಬೀಳುತ್ತದೆ. ಶೇಡ್ ಮತ್ತು ಟೋನ್ ನಡುವೆ ಗೊಂದಲವಾಗುತ್ತದೆ, ಆಗ ಮೂಲ ಬಣ್ಣದ ಚೂರನ್ನು ಪಕ್ಕದಲ್ಲಿಟ್ಟು ನೋಡಲು ಬಿಡಿ. ಹಳದಿಗೆ ಚೂರೇ ಚೂರು ಕಪ್ಪು ಸೇರಿಸಿದಾಗ ಅದು ಹಸಿರಿನ ಕಡೆಗೆ ವಾಲಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಆ ಬಣ್ಣವನ್ನು ಬೇಕೆಂದೇ ಒಂದು ಜೋಡಿಗೆ ಕೊಡುವುದು ನನ್ನ ಹಳೆಯ ಕುಚೇಷ್ಟೆ.

ವ್ಯಾಲ್ಯೂ ಈ ಮೂರಕ್ಕಿಂತ ಬೇರೆ ಜಾತಿಯ ಪದ. ಟಿಂಟ್, ಶೇಡ್, ಟೋನ್ ಎಂಬವು ಏನು ಬೆರೆಸಿದೆವು ಎಂಬುದನ್ನು ಹೇಳಿದರೆ, ವ್ಯಾಲ್ಯೂ ಒಂದು ಬಣ್ಣ ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬ ಅಳತೆಯನ್ನು ಹೇಳುತ್ತದೆ. ಚಿತ್ರಕಲಾ ಶಿಕ್ಷಕರೇ ಆಗಿದ್ದ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ವರ್ಣ, ವ್ಯಾಲ್ಯೂ, ಕ್ರೋಮಾ (ಬಣ್ಣದ ತೀವ್ರತೆ) ಎಂಬ ಮೂರು ಪ್ರತ್ಯೇಕ ಅಳತೆಗಳಿವೆ. ಅದರಲ್ಲಿ ವ್ಯಾಲ್ಯೂ ಕಪ್ಪಿನ 0ಯಿಂದ ಬಿಳುಪಿನ 10ರವರೆಗೆ ಏರುತ್ತದೆ. ಇದನ್ನು ಸಾಲು ನಿಲ್ಲುವ ಆಟವಾಗಿಸಬಹುದು. ಪ್ರತಿಯೊಬ್ಬರ ಕೈಯಲ್ಲೂ ಬೇರೆಬೇರೆ ವರ್ಣದ ಚೂರು, ಮಾತನಾಡದೆ ಗಾಢದಿಂದ ತಿಳಿಯ ಕಡೆಗೆ ಸಾಲಾಗಿ ನಿಲ್ಲಬೇಕು. ಹಳದಿ ಮತ್ತು ನೇರಳೆಗೆ ಜಾಗ ಸಲೀಸಾಗಿ ಸಿಗುತ್ತದೆ, ಕೆಂಪು ಮತ್ತು ಹಸಿರಿನವರು ಮಾತ್ರ ಒಬ್ಬರನ್ನೊಬ್ಬರು ಹಿಂದೆ ಮುಂದೆ ತಳ್ಳಾಡುತ್ತಿರುತ್ತಾರೆ. ಎಲ್ಲರೂ ನಿಂತ ಮೇಲೆ ಕ್ಯಾಮೆರಾವನ್ನು ಕಪ್ಪುಬಿಳುಪಿಗೆ ಹೊಂದಿಸಿ ಚಿತ್ರ ತೆಗೆದು ತೋರಿಸಿ. ತೀರ್ಪು ನೀವು ಕೊಡಬೇಕಾಗಿಲ್ಲ, ಚಿತ್ರವೇ ಕೊಡುತ್ತದೆ.

ಅದರ ಬೆನ್ನಿಗೇ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ 1872ರದೆಂದು ಗುರುತಿಸಿದ, ಬಂದರಿನ ಸೂರ್ಯೋದಯದ ಚಿತ್ರವನ್ನು ತೋರಿಸುವುದನ್ನು ಮರೆಯಬೇಡಿ. ಬೂದುನೀಲಿ ಆಕಾಶದಲ್ಲಿ ಕಿತ್ತಳೆ ಸೂರ್ಯ ಕಣ್ಣಿಗೆ ಹೊಡೆಯುವಂತೆ ಹೊಳೆಯುತ್ತಾನೆ. ಅದೇ ಚಿತ್ರದ ಕಪ್ಪುಬಿಳುಪು ಪ್ರತಿಯಲ್ಲಿ ಆ ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ, ಏಕೆಂದರೆ ಸೂರ್ಯ ಮತ್ತು ಸುತ್ತಲಿನ ಆಕಾಶದ ವ್ಯಾಲ್ಯೂ ಬಹುತೇಕ ಒಂದೇ. ಮೊದಲು ಕಪ್ಪುಬಿಳುಪು ಪ್ರತಿ ಕೊಟ್ಟು ‘ಸೂರ್ಯ ಎಲ್ಲಿದ್ದಾನೆ, ಗುರುತು ಹಾಕಿ’ ಎಂದು ಕೇಳಿ, ಆಮೇಲೆ ಬಣ್ಣದ ಪ್ರತಿ ತೋರಿಸಿದರೆ ಅದೂ ಒಂದು ಆಟವೇ.

ಆಕಾರ ಮತ್ತು ಘನರೂಪಕ್ಕೆ ಒಂದು ಚೀಟಿ ಸಾಕು. ಚೀಟಿ ಎತ್ತಿದ ಮಗು ಹಣ್ಣು, ಡಬ್ಬಿ, ಚೆಂಡು ಯಾವುದನ್ನಾದರೂ ತನಗೆ ಬಂದ ಪದಕ್ಕೆ ತಕ್ಕಂತೆ ಬಿಡಿಸಲಿ, ಜೊತೆಯವರು ಚೀಟಿಯಲ್ಲಿ ಏನಿತ್ತೆಂದು ಹೇಳಲಿ. ಬರೀ ಹೊರಗೆರೆ ಇದ್ದರೆ ಆಕಾರ. ನೆರಳು ಬಂದಿದ್ದರೆ, ಡಬ್ಬಿಯ ಬಾಯಿ ದೀರ್ಘವೃತ್ತವಾಗಿದ್ದರೆ ಘನರೂಪ.

ಉತ್ತರ – ಮಸಿಕುಡಿಕೆ

ಮುದುಡಿಕೊಳ್ಳುವ ಮಕ್ಕಳ ಬಗ್ಗೆ. ತಂಡಗಳನ್ನು ಎದುರುಬದುರು ನಿಲ್ಲಿಸದೆ ಇಡೀ ತರಗತಿ ಒಂದೇ ತಂಡವಾಗಿ ತನ್ನದೇ ಹಳೆಯ ಲೆಕ್ಕದ ವಿರುದ್ಧ ಆಡಬಹುದು. ‘ಯಾವ ಚಿತ್ರ?’ ಆಟದಲ್ಲಿ ಕಳೆದ ಬಾರಿ ಒಂಬತ್ತು ಪ್ರಶ್ನೆ ಬೇಕಾಗಿದ್ದರೆ ಈ ಬಾರಿ ಏಳರಲ್ಲಿ ಮುಗಿಸೋಣ ಎಂಬುದಷ್ಟೇ ಗುರಿ. ಪ್ರತಿ ಪ್ರಶ್ನೆಗೆ ಮುನ್ನ ಅರ್ಧ ನಿಮಿಷ ಮೌನವಾಗಿ, ಎಲ್ಲರೂ ತಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಯಲಿ, ಆಮೇಲೆ ಪಕ್ಕದವರೊಂದಿಗೆ ಹೋಲಿಸಿ ಇಬ್ಬರಲ್ಲಿ ಒಳ್ಳೆಯದನ್ನು ಆರಿಸಲಿ. ಓದುವ ಸರದಿ ಬಂದಾಗ ಕೈಯಲ್ಲಿ ಬರೆದ ವಾಕ್ಯವಿರುವುದರಿಂದ ಮಾತು ಬರದೆ ನಿಲ್ಲುವ ಸಂದರ್ಭ ಕಡಿಮೆ. ಆ ಚೀಟಿಗಳನ್ನು ಸಂಗ್ರಹಿಸಿಕೊಂಡರೆ, ಯಾರು ಯಾವ ಪದವನ್ನು ತಪ್ಪಾಗಿ ಹಿಡಿದಿದ್ದಾರೆ ಎಂಬುದೂ ನಿಮಗೆ ಸಿಕ್ಕುತ್ತದೆ. ಗೆದ್ದವರ ಪಟ್ಟಿಗಿಂತ ಆ ಚೀಟಿಗಳೇ ನಿಮ್ಮ ಕೆಲಸಕ್ಕೆ ಬರುವಂಥವು.

ಪದಗಳ ಸಂಖ್ಯೆಯ ಕುರಿತೂ ಒಂದು ಮಾತು. ವಾರಕ್ಕೊಂದೇ ಅವಧಿ ಇರುವಾಗ ಮೂಲಾಂಶಗಳನ್ನೂ ತತ್ತ್ವಗಳನ್ನೂ ಒಟ್ಟಿಗೇ ಆಟಕ್ಕೆ ತರುವುದು ಅತಿಯಾಗುತ್ತದೆ. ಮೊದಲ ಸುತ್ತಿಗೆ ರೇಖೆ, ವ್ಯಾಲ್ಯೂ, ವೈದೃಶ್ಯ, ಮುನ್ನೆಲೆ, ಹಿನ್ನೆಲೆ, ಕ್ಷಿತಿಜ ರೇಖೆ ಇಷ್ಟಿದ್ದರೆ ಸಾಕು, ಇವುಗಳಿಂದಲೇ 16 ಚಿತ್ರಗಳನ್ನು ಬೇಕಾದಷ್ಟು ಬಗೆಯಲ್ಲಿ ಪಾಲು ಮಾಡಬಹುದು. ಲಯ ಮತ್ತು ಏಕತೆಯಂಥ ಪದಗಳನ್ನು ತಡವಾಗಿ ತನ್ನಿ. ಅವುಗಳಿಗೆ ಬೆರಳಿಟ್ಟು ತೋರಿಸಬಹುದಾದ ಒಂದು ಜಾಗ ಚಿತ್ರದಲ್ಲಿ ಇರುವುದಿಲ್ಲವಾದ್ದರಿಂದ ‘ಹೌದು, ಇಲ್ಲ’ ಎಂಬ ಉತ್ತರದ ಆಟದಲ್ಲಿ ಅವು ಬರೀ ತಕರಾರಿಗೆ ದಾರಿಯಾಗುತ್ತವೆ. ನೆರಳುಬೆಳಕು ಅವರು ಹೇಳಿದ ನಿಷಿದ್ಧ ಪದಗಳ ಆಟಕ್ಕೆ ಮಾತ್ರ ಅವು ಚೆನ್ನಾಗಿ ಒಗ್ಗುತ್ತವೆ.